ಆ ಕಣ್ಣುಗಳು ನೋಡಿದ್ದೇನನ್ನು?

ಟೀಶರ್ಟು, ಚೀಲ, ಕಾಫಿ ಕಪ್ಪುಗಳ ಮೇಲೆ ಚೆ ಗುವೆರಾನ ಮುಖವನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆ ಕಣ್ಣುಗಳು ಏನನ್ನು ನೋಡುತ್ತಿವೆ ಎಂದು ಕೇಳಿಕೊಂಡಿದ್ದೇವೆಯೇ?

1960ರ ಮಾರ್ಚ್ 4ರಂದು ಕ್ಯೂಬಾದ ಹವಾನಾ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಹಡಗೊಂದು ಸ್ಫೋಟಿಸಿ ಹತ್ತಾರು ಜನ ಸತ್ತರು. ಮರುದಿನದ ಶೋಕಸಭೆಯಲ್ಲಿ ಚೆ ಕೆಲವು ಕ್ಷಣ ವೇದಿಕೆಯ ಅಂಚಿಗೆ ಬಂದು ನಿಂತ. ಛಾಯಾಗ್ರಾಹಕ ಆಲ್ಬರ್ಟೊ ಕೋರ್ಡಾ ಕ್ಲಿಕ್ಕಿಸಿದ. ಮರುದಿನದ ಪತ್ರಿಕೆ ಆ ಚಿತ್ರವನ್ನು ಬಳಸಲಿಲ್ಲ. ಕೋರ್ಡಾ ಪಕ್ಕದಲ್ಲಿದ್ದ ಮನುಷ್ಯನನ್ನೂ ತಾಳೆಗರಿಯನ್ನೂ ಕತ್ತರಿಸಿ, ಉಳಿದ ಮುಖವನ್ನು ತನ್ನ ಗೋಡೆಗೆ ತೂಗುಹಾಕಿದ.

1967ರಲ್ಲಿ ಇಟಲಿಯ ಪ್ರಕಾಶಕ ಫೆಲ್ಟ್ರಿನೆಲ್ಲಿ ಅದರ ಪ್ರತಿ ಪಡೆದ. ಅದೇ ಅಕ್ಟೋಬರಿನಲ್ಲಿ ಬೊಲಿವಿಯಾದ ಸೈನಿಕರು ಚೆಯನ್ನು ಕೊಂದರು, ಚಿತ್ರ ಪೋಸ್ಟರಾಯಿತು. 1968ರಲ್ಲಿ ಐರ್ಲೆಂಡಿನ ಕಲಾವಿದ ಜಿಮ್ ಫಿಟ್ಜ್‌ಪ್ಯಾಟ್ರಿಕ್ ಅದನ್ನು ಕೆಂಪು-ಕಪ್ಪಿಗೆ ಇಳಿಸಿದ. ಇನ್ನು ಯಾವ ಅಚ್ಚುಮನೆಗೂ ಅದು ಕಷ್ಟವಾಗಲಿಲ್ಲ.

ಹೀಗೆ ಹೆಜ್ಜೆಹೆಜ್ಜೆಗೂ ಒಂದೊಂದು ಕಳಚಿತು: ಮೊದಲು ಪಕ್ಕದವನು, ಆಮೇಲೆ ಮುಖದ ನೆರಳು, ಕೊನೆಗೆ ಆ ಸತ್ತವರು. ಹಗುರವಾದದ್ದರಿಂದಲೇ ಚಿತ್ರ ಎಲ್ಲೆಡೆ ಹಾರಿತು. ಹಗುರವಾದದ್ದರಿಂದಲೇ ಮಾರಾಟಕ್ಕೂ ಒದಗಿತು. ವರ್ಷಗಟ್ಟಲೆ ಗೌರವಧನ ಕೇಳದ ಕೋರ್ಡಾ, 2000ದಲ್ಲಿ ವೋಡ್ಕಾ ಜಾಹೀರಾತಿಗೆ ಅದು ಬಳಕೆಯಾದಾಗ ಮಾತ್ರ ನ್ಯಾಯಾಲಯಕ್ಕೆ ಹೋದ. ಬಂದ ಪರಿಹಾರವನ್ನು ಕ್ಯೂಬಾದ ವೈದ್ಯಕೀಯ ಸೇವೆಗೆ ಕೊಟ್ಟ.

ಆ ಅಂಗಿ ತೊಟ್ಟ ಹುಡುಗರನ್ನು ನಾವು ಗೇಲಿ ಮಾಡುವುದಿಲ್ಲ. ಮುಖವನ್ನು ಉಳಿಸಿಕೊಂಡು ಸುತ್ತಲಿನವರನ್ನು ಮರೆಯುವುದು ಕಥೆ ಬರೆಯುವ ನಮಗೂ ಅಂಟಿದ ಚಾಳಿ. ನಾವು ಕೇಳುವುದಿಷ್ಟೆ: ಆ ಕಣ್ಣುಗಳ ಎದುರಿಗೆ ದುಃಖದಲ್ಲಿ ನಿಂತಿದ್ದ ಜನರನ್ನು ಒಮ್ಮೆಯಾದರೂ ನೆನೆಯಬೇಕು. ಅವರಿಲ್ಲದೆ ಆ ನೋಟವೇ ಇರಲಿಲ್ಲ.