ದಯಾಮರಣದಲ್ಲಿ ದಯೆ ಯಾರದು?

ಬದುಕುವ ಭರವಸೆ ಇಲ್ಲದ ರೋಗಿಯ ವೆಂಟಿಲೇಟರ್ ತೆಗೆಯುವುದಕ್ಕೂ ಜೀವ ತೆಗೆಯಲೆಂದೇ ಚುಚ್ಚುಮದ್ದು ಕೊಡುವುದಕ್ಕೂ ನಮ್ಮ ಪತ್ರಿಕೆಗಳು ‘ದಯಾಮರಣ’ ಎಂದೇ ಬರೆಯುವುದನ್ನು ಓದಿ ಓದಿ ಸಾಕಾಗಿದೆ.

ಇಂಗ್ಲಿಷಿನ ಯೂಥನೇಸಿಯಾ ಹುಟ್ಟಿದ್ದು ಗ್ರೀಕಿನಲ್ಲಿ. ‘ಯೂ’ ಎಂದರೆ ಒಳ್ಳೆಯದು, ‘ಥಾನಟೋಸ್’ ಎಂದರೆ ಸಾವು. ದಯೆ ತೋರುವವರಾಗಲಿ ಕೊಲ್ಲುವವರಾಗಲಿ ಅದರೊಳಗೆ ಯಾರೂ ಇಲ್ಲ. ಇದಕ್ಕೆ ನನ್ನ ಮೆಚ್ಚಿನ ಸಾಕ್ಷಿ ಸ್ವೆಟೋನಿಯಸ್ ಬರೆದ ಅಗಸ್ಟಸ್ ಚರಿತ್ರೆ. ಯಾರಾದರೂ ನರಳದೆ ಬೇಗನೆ ತೀರಿಕೊಂಡರೆಂದು ಕೇಳಿದಾಗಲೆಲ್ಲ ಆ ರೋಮನ್ ಚಕ್ರವರ್ತಿ ತನಗೂ ತನ್ನವರಿಗೂ ಅಂಥದೇ ಸಾವು ಬರಲೆಂದು ಬೇಡುತ್ತಿದ್ದನಂತೆ. ಬೇಡುವಾಗ ಅವನ ಬಾಯಲ್ಲಿದ್ದದ್ದು ಇದೇ ಗ್ರೀಕ್ ಶಬ್ದ. ಕ್ರಿ.ಶ. 14ರ ಆಗಸ್ಟ್ 19ರಂದು ನೋಲಾದಲ್ಲಿ ಬೇಡಿದ್ದು ಸಿಕ್ಕಿತು. ಅಂದು ಕನ್ನಡಿ ತರಿಸಿ, ತಲೆ ಬಾಚಿಸಿಕೊಂಡು, ಬದುಕಿನ ನಾಟಕದಲ್ಲಿ ತನ್ನ ಪಾತ್ರ ಸರಿಯಾಗಿತ್ತೇ ಎಂದು ಗೆಳೆಯರನ್ನು ಕೇಳಿದ. ಹೆಂಡತಿ ಲಿವಿಯಾಳಿಗೆ ಮುತ್ತಿಡುತ್ತಲೇ ಪ್ರಾಣ ಬಿಟ್ಟ. ನಮ್ಮ ಹಿರಿಯರು ದೇವರೆದುರು ಕೈಮುಗಿದು ಬೇಡುವ ಅನಾಯಾಸ ಮರಣ ಇದೇ ಅಲ್ಲವೇ?

ಅಗಸ್ಟಸನ ಈ ಮಾತನ್ನು ನೆನೆದೇ ಇಂಗ್ಲಿಷ್ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1605ರಲ್ಲಿ ವೈದ್ಯರ ಬಗ್ಗೆ ಬರೆದ. ಗುಣಪಡಿಸುವುದಷ್ಟೇ ಅವರ ಕೆಲಸವಲ್ಲ. ಗುಣವಾಗುವ ಆಸೆ ಹೋದ ಮೇಲೂ ನೋವು ಇಳಿಸಿ ಸಾವನ್ನು ಹಗುರ ಮಾಡಬೇಕು ಎಂದ. ಇಂದಿನ ಪ್ಯಾಲಿಯೇಟಿವ್ ಕೇರ್ ಮಾಡುವುದೂ ಇದನ್ನೇ. ಅರ್ಥ ಹೊರಳತೊಡಗಿದ್ದು 1870ರಲ್ಲಿ. ವಾಸಿಯಾಗದ ರೋಗಿ ತಾನೇ ಬಯಸಿದರೆ ವೈದ್ಯರು ಕ್ಲೋರೋಫಾರ್ಮ್ ಕೊಟ್ಟು ಜೀವ ತೆಗೆಯಬಹುದೆಂದು ಸ್ಯಾಮ್ಯುಯೆಲ್ ವಿಲಿಯಮ್ಸ್ ಎಂಬಾತ ವಾದಿಸಿದ. ಮುಂದೆ ನಾತ್ಸಿಗಳು ಅಂಗವಿಕಲರನ್ನೂ ಮಾನಸಿಕ ರೋಗಿಗಳನ್ನೂ ಅವರ ಇಚ್ಛೆ ಕೇಳದೆ ಕೊಂದು, ಆ ಕೊಲೆಗೂ ಇದೇ ಹೆಸರಿಟ್ಟರು. 1941ರ ಆಗಸ್ಟ್ ಹೊತ್ತಿಗೆ ವಿಷಾನಿಲದ ಕೋಣೆಗಳಲ್ಲಿ ಸತ್ತವರು 70,000ಕ್ಕೂ ಹೆಚ್ಚು.

ಕನ್ನಡದ ದಯಾಮರಣ ‘ಮರ್ಸಿ ಕಿಲ್ಲಿಂಗ್’ನ ನೆರಳು. ಅದು ಮನೆಮಾತಾದದ್ದು ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಪ್ರಕರಣದಿಂದ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರು 1973ರ ನವೆಂಬರಿನಲ್ಲಿ ನಡೆದ ಹಲ್ಲೆಯ ನಂತರ ಮೇಲೇಳಲೇ ಇಲ್ಲ. ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ಅವರ ಪರವಾಗಿ ದಯಾಮರಣ ಕೋರಿ ಸಲ್ಲಿಸಿದ್ದ ಅರ್ಜಿಯನ್ನು ತಳ್ಳಿಹಾಕಿತು. ಜೊತೆಗೇ, ಷರತ್ತುಗಳ ಮೇಲೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಬಹುದೆಂದು ಹೇಳಿ ಅದನ್ನು ‘ಪ್ಯಾಸಿವ್ ಯೂಥನೇಸಿಯಾ’ ಎಂದು ಕರೆಯಿತು. ನಮ್ಮವರು ‘ನಿಷ್ಕ್ರಿಯ ದಯಾಮರಣ’ ಎಂದು ಟಂಕಿಸಿಬಿಟ್ಟರು. ಆಸ್ಪತ್ರೆಯ ದಾದಿಯರ ಆರೈಕೆಯಲ್ಲೇ ಇದ್ದ ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಪ್ಯಾಸಿವ್ ಯೂಥನೇಸಿಯಾ ಎಂಬ ಮಾತನ್ನೇ ಕೈಬಿಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2018ರಲ್ಲೇ ಹೇಳಿದೆ. ಕನ್ನಡ ಇನ್ನೂ ಬಿಟ್ಟಿಲ್ಲ. ಅಪ್ಪನ ವೆಂಟಿಲೇಟರ್ ತೆಗೆಯಲು ಒಪ್ಪಿ ಸಹಿ ಹಾಕುವ ಮಗಳಿಗೆ ತಾನು ಕೊಲೆಗೆ ಒಪ್ಪುತ್ತಿದ್ದೇನೆ ಅನ್ನಿಸುವುದಾದರೆ, ಅದರಲ್ಲಿ ನಮ್ಮ ತಲೆಬರಹಗಳ ಪಾಲೂ ಇದೆ. ಅಲ್ಲಿ ಸಾವು ಬರುವುದು ರೋಗದಿಂದ, ಅವಳ ಸಹಿಯಿಂದಲ್ಲ.

ಸುದ್ದಿಮನೆಯ ಗೆಳೆಯರೇ, ಚಿಕಿತ್ಸೆ ನಿಲ್ಲಿಸಿದ್ದಾದರೆ ಚಿಕಿತ್ಸೆ ನಿಲ್ಲಿಸಿದರು ಎಂದೇ ಬರೆಯಿರಿ.