ಶಿವರಾತ್ರಿ ಕಳೆದರೂ ಬಿರಿಯುವ ಮೈ

ಅಂಗೈ, ಅಂಗಾಲು ಬಿಟ್ಟರೆ ಮೈಯ ಹೆಚ್ಚಿನ ಕಡೆ ಚರ್ಮದ ಅತಿ ಹೊರಗಿನ ಪದರದ ದಪ್ಪ 0.02 ಮಿಲಿಮೀಟರಿನ ಆಸುಪಾಸು. ಸತ್ತ ಕೋಶಗಳು, ಅವುಗಳ ಸಂದಿಯಲ್ಲಿ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳ ಜಿಡ್ಡು. ಅದರ ರಚನೆ ಇಷ್ಟೇ. ಮೈಯೊಳಗಿನ ನೀರು ಈ ಪದರವನ್ನು ದಾಟಿ ಸದಾ ಆವಿಯಾಗುತ್ತಿರುತ್ತದೆ. ಗಾಳಿ ಒಣಗಿದಷ್ಟೂ ನಷ್ಟ ಹೆಚ್ಚು. ಋತು ಬದಲಾದಾಗ ಚರ್ಮದ ಆರೈಕೆಯೂ ಬದಲಾಗಬೇಕೆನ್ನುವುದು ಮುಖ್ಯವಾಗಿ ಈ ಕಾರಣಕ್ಕೆ. ಹಾಗಾಗಿ ಚಳಿ, ಸೆಕೆಗಳಿಗಿಂತ ಮೊದಲು ಗಮನಿಸಬೇಕಾದದ್ದು ಗಾಳಿಯ ತೇವವನ್ನು.

ಬಯಲುಸೀಮೆಯವರ ಲೆಕ್ಕ ತಪ್ಪುವುದು ಇಲ್ಲಿಯೇ. ದೀಪಾವಳಿಯ ಹೊತ್ತಿಗೆ ಹೊರಬರುವ ಕ್ರೀಮ್ ಡಬ್ಬಿ, ಚಳಿ ‘ಶಿವಶಿವ’ ಎಂದು ಓಡಿಹೋಗುವ ಶಿವರಾತ್ರಿಗೆ ಕಪಾಟು ಸೇರುತ್ತದೆ. ಆದರೆ ಬೆಂಗಳೂರಿನ ಗಾಳಿಯಲ್ಲಿ ತೇವ ತೀರಾ ಇಳಿಯುವುದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. ಮೊಣಕಾಲ ಕೆಳಗೆ ಉಗುರಿನಿಂದ ಮೆಲ್ಲಗೆ ಗೀರಿದಾಗ ಬಿಳಿ ಗೆರೆ ಮೂಡಿದರೆ ಡಬ್ಬಿಯನ್ನು ಒಳಗಿಡುವ ಕಾಲ ಇನ್ನೂ ಬಂದಿಲ್ಲವೆಂದೇ ಅರ್ಥ. ಕ್ಯಾಲೆಂಡರಿಗಿಂತ ನಂಬಬಹುದಾದ ಪರೀಕ್ಷೆ ಇದು. ಸಮುದ್ರದ ಮಗ್ಗುಲಿಗಿರುವ ಮಂಗಳೂರಿನಲ್ಲಿ ಡಿಸೆಂಬರಿನಲ್ಲೂ ಮೈ ಅಷ್ಟಾಗಿ ಒಡೆಯದು. ಅಲ್ಲಿಂದ ಕಲಬುರಗಿಗೆ ವರ್ಗವಾಗಿ ಬಂದವರು ಊರಿನ ಅಭ್ಯಾಸವನ್ನೇ ಮುಂದುವರಿಸಿದರೆ ಒಂದೇ ತಿಂಗಳಲ್ಲಿ ಹಿಮ್ಮಡಿ ಬಿರಿಯುತ್ತದೆ. ದಿನವಿಡೀ ಏಸಿ ಕೋಣೆಯಲ್ಲಿ ಕೂರುವವರಿಗಂತೂ ಯಾವ ಊರಾದರೂ ಒಣಹವೆಯೇ.

ಒಣಗಾಲದಲ್ಲಿ ಮೊದಲು ಬದಲಾಗಬೇಕಾದದ್ದು ಸ್ನಾನ. ಹಂಡೆಯ ಕುದಿನೀರನ್ನು ಹದ ಮಾಡದೆ ಹುಯ್ದುಕೊಳ್ಳುವ ಸುಖಕ್ಕೆ ಚರ್ಮದ ಜಿಡ್ಡೇ ಬೆಲೆ. ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ ಸುಮಾರು 5. ಸಾಮಾನ್ಯ ಸ್ನಾನದ ಸೋಪಿನದು 9ರಿಂದ 10. ಹಾಗಾಗಿ ಈ ತಿಂಗಳುಗಳಲ್ಲಿ ಕಂಕುಳು, ತೊಡೆಸಂದಿ, ಪಾದಗಳಿಗಷ್ಟೇ ಸೋಪು ಸಾಕು. ಟವೆಲಿನಿಂದ ಒತ್ತಿ ಒರೆಸಿ, ಮೈ ಪೂರ್ತಿ ಆರುವ ಮೊದಲೇ ಕ್ರೀಮ್ ಹಚ್ಚಬೇಕು. ಗ್ಲಿಸರಿನ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಒಣಹವೆಯಲ್ಲಿ ಅದೊಂದರಿಂದಲೇ ಕೆಲಸ ಸಾಗದು. ಮೇಲೊಂದು ಜಿಡ್ಡಿನ ಹೊದಿಕೆ ಬೇಕು. ಆ ಹೊದಿಕೆಯ ಕೆಲಸದಲ್ಲಿ 1872ರಲ್ಲಿ ರಾಬರ್ಟ್ ಚೆಸ್‌ಬ್ರೊ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ದುಬಾರಿ ಡಬ್ಬಿ ಸಿಗುವುದು ಕಷ್ಟ. ಒಡೆದ ತುಟಿಗೂ ಹಿಮ್ಮಡಿಗೂ ಅದೇ ಸಾಕು.

ಎಣ್ಣೆಸ್ನಾನಕ್ಕೂ ಇಲ್ಲಿ ಪಾತ್ರವಿದೆ. ನರಕ ಚತುರ್ದಶಿ ಚಳಿಯ ಬಾಗಿಲಲ್ಲಿ, ಯುಗಾದಿ ಬಿಸಿಲಿನ ಬಾಗಿಲಲ್ಲಿ ಬರುತ್ತವೆ. ಎರಡೂ ದಿನ ಅಭ್ಯಂಜನ ಕಡ್ಡಾಯ. ಸೋಪು, ಸೀಗೆಪುಡಿಗಳು ಚರ್ಮದ ಸ್ವಂತ ಜಿಡ್ಡನ್ನು ಪೂರ್ತಿ ಎಳೆದೊಯ್ಯದಂತೆ ಸ್ನಾನಕ್ಕೆ ಮುಂಚೆ ಹಚ್ಚಿದ ಎಣ್ಣೆ ತಡೆಯುತ್ತದೆ. ಕರಾವಳಿಯವರಿಗೆ ಕೊಬ್ಬರಿ ಎಣ್ಣೆ ಇದ್ದದ್ದೇ. ಉತ್ತರ ಕರ್ನಾಟಕದ ಕುಸುಬೆ ಎಣ್ಣೆ ಅಡುಗೆಮನೆ ದಾಟಿ ಬಚ್ಚಲಿಗೆ ಬರುವುದು ಕಡಿಮೆ, ಆದರೆ ಅದರಲ್ಲಿ ತುಂಬಿರುವ ಲಿನೊಲೆಯಿಕ್ ಆಮ್ಲ ಚರ್ಮದ ಜಿಡ್ಡಿಗೂ ಬೇಕಾದದ್ದು. ಎಣ್ಣೆಯಲ್ಲಿ ನೀರಿನಂಶವಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಒಣಮೈಗೆ ಬಳಿದರೆ ಹೊಳಪು ಬಂದೀತು, ತೇವ ಬಾರದು.

ಬೇಸಿಗೆ ಕಾವೇರಿದಂತೆ ದಪ್ಪ ಕ್ರೀಮ್ ಸರಿದು ತೆಳು ಲೋಷನ್ ಬರಲಿ. ಬೆವರಿನ ನಾಳ ಕಟ್ಟಿಕೊಂಡಾಗಲೇ ಬೆವರುಸಾಲೆ ಏಳುವುದು. ಅದಕ್ಕೆ ಸಡಿಲ ಹತ್ತಿಬಟ್ಟೆ, ತಣ್ಣೀರು ಸಾಕು.

ಸನ್‌ಸ್ಕ್ರೀನಿಗೆ ಮಾತ್ರ ಋತುವಿಲ್ಲ. ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಏಪ್ರಿಲಿನಲ್ಲಿ ಕೊಡೆ ಹಿಡಿದು ನಡೆಯುವವರು ಆಗಸ್ಟಿನಲ್ಲಿ ಮೋಡ ನೋಡಿ ನಿಶ್ಚಿಂತರಾಗುತ್ತಾರೆ. ಬಂಗು ಗಾಢವಾಗಲು ಕಾರಣವಾಗುವ ಯುವಿಎ ಕಿರಣಗಳು ತೆಳುಮೋಡವನ್ನೂ ಬಸ್ಸಿನ ಕಿಟಕಿಗಾಜನ್ನೂ ದಾಟುತ್ತವೆ. ಎಸ್‌ಪಿಎಫ್ 30 ಯುವಿಬಿ ಕಿರಣಗಳಲ್ಲಿ ಶೇ 97ರಷ್ಟನ್ನು ತಡೆದರೆ 50 ತಡೆಯುವುದು ಶೇ 98ರಷ್ಟನ್ನು. ಅಂಕಿಗಿಂತ ಮುಖ್ಯವಾದದ್ದು ಹಚ್ಚುವ ಪ್ರಮಾಣ: ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ. ಬೊಟ್ಟಿಡುವಂತೆ ಹಚ್ಚಿದರೆ ಯಾವ ಅಂಕಿಯೂ ಕಾಯದು.

ಮಳೆಗಾಲದ ತೊಂದರೆಯೇ ಬೇರೆ. ಆಗುಂಬೆಯಂಥ ಕಡೆ ತಿಂಗಳುಗಟ್ಟಲೆ ಬಟ್ಟೆ ಒಣಗುವುದಿಲ್ಲ. ಮೈಯ ಸಂದುಗಳಲ್ಲಿ ನಿಂತ ತೇವ ಶಿಲೀಂಧ್ರಕ್ಕೆ ಹಬ್ಬ. ಕಾಲ್ಬೆರಳ ಸಂದಿ ಬೆಳ್ಳಗಾಗಿ ಕೊಳೆಯುತ್ತದೆ, ತೊಡೆಸಂದಿಯಲ್ಲಿ ಹುಳುಕಡ್ಡಿ ಹಬ್ಬುತ್ತದೆ, ಬೆನ್ನಿನಲ್ಲಿ ಚಿಬ್ಬು ಕಾಣಿಸುತ್ತದೆ. ಚಿಬ್ಬಿಗೆ ಕಾರಣವಾದ ಮಲಸೇಜಿಯಾ ಶಿಲೀಂಧ್ರ ಜಿಡ್ಡನ್ನೇ ಉಂಡು ಬೆಳೆಯುವುದರಿಂದ ಈಗ ಮೈಗೆ ಎಣ್ಣೆ ಬಳಿದು ಬಿಡುವುದು ಸಲ್ಲದು. ಸಂದುಗಳನ್ನು ಒರೆಸಿ ಒಣಗಿಸುವುದು, ಒದ್ದೆ ಕಾಲುಚೀಲ ಬದಲಾಯಿಸುವುದು, ಒಳಉಡುಪಿಗೆ ಇಸ್ತ್ರಿ ಹಾಕುವುದು. ಮಳೆಗಾಲದ ನಿಜವಾದ ಆರೈಕೆ ಇವೇ. ತುರಿಕೆಗೆಂದು ಔಷಧದಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಬಲವಾದ ಸ್ಟೀರಾಯ್ಡ್ ಬೆರೆತಿರುವುದುಂಟು. ಎರಡು ದಿನ ತುರಿಕೆ ಅಡಗುತ್ತದೆ, ಹುಳುಕಡ್ಡಿ ಒಳಗೊಳಗೇ ಹಬ್ಬಿ ಗುರುತು ಸಿಗದಂತಾಗುತ್ತದೆ. ವೈದ್ಯರ ಚೀಟಿಯಿಲ್ಲದೆ ಅಂಥ ಮುಲಾಮನ್ನು ಮುಟ್ಟಲೇಬಾರದು.

ಬದಲಾವಣೆಯ ವೇಗದ ಬಗ್ಗೆ ವಾಗ್ಭಟನ ಅಷ್ಟಾಂಗಹೃದಯದ ಋತುಚರ್ಯೆಯ ಅಧ್ಯಾಯ ಹೇಳಿದ್ದು ಇಂದಿಗೂ ಒಪ್ಪುತ್ತದೆ. ಹಿಂದಿನ ಋತುವಿನ ಕೊನೆಯ 7 ದಿನ, ಮುಂದಿನದರ ಮೊದಲ 7 ದಿನ ಸೇರಿ ಋತುಸಂಧಿ. ಹಳೆಯ ಕ್ರಮವನ್ನು ಮೆಲ್ಲಗೆ ಬಿಟ್ಟು ಹೊಸತನ್ನು ಮೆಲ್ಲಗೆ ಹಿಡಿಯುವ ಕಾಲವದು. ಫೇಸ್‌ವಾಶ್, ಕ್ರೀಮ್, ಸನ್‌ಸ್ಕ್ರೀನ್ ಮೂರನ್ನೂ ಒಂದೇ ದಿನ ಬದಲಾಯಿಸಿದರೆ ಮುಖದ ಮೇಲೆ ಗುಳ್ಳೆ ಎದ್ದಾಗ ಯಾವುದು ಕಾರಣವೆಂದು ತಿಳಿಯದು. ಒಂದು ಒಗ್ಗಿದ ಮೇಲೆ ಇನ್ನೊಂದು ಬರಲಿ. ಹೊಸತು ಯಾವುದೇ ಇರಲಿ, ಮುಖಕ್ಕೆ ಹಚ್ಚುವ ಮೊದಲು ಕೆಲವು ದಿನ ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ನೋಡುವುದು ಲೇಸು.