ಹುಟ್ಟು ನೀರಿನ ಹೊರಗಿದ್ದಾಗ ನೋಡಿ: ರೋಯಿಂಗ್ ರಸಿಕರಿಗೊಂದು ಕೈಪಿಡಿ

ಶಹಾಬಾದ್ ಕಡೆಯ ಪರಸಿ ಖಣಿಯಲ್ಲಿ ಕಲ್ಲು ಎಬ್ಬಿಸುವುದನ್ನು ಹತ್ತಿರದಿಂದ ನೋಡಿದ್ದೀರಾ? ಹಾರೆಯ ಮೊನೆ ಪದರದ ಸಂದಿಗೆ ಇಳಿಯುತ್ತದೆ. ಹಿಮ್ಮಡಿ ನೆಲಕ್ಕೆ ಊರುತ್ತದೆ. ಬಲ ತೊಡೆಯಿಂದ ಎದ್ದು ಸೊಂಟಕ್ಕೆ, ಬೆನ್ನಿಗೆ ಹತ್ತುತ್ತದೆ; ತೋಳಿನದು ಕಡೆಯ ಜಗ್ಗು ಮಾತ್ರ. ಇಷ್ಟು ಕಂಡವರಿಗೆ ರೋಯಿಂಗ್ ಪೂರ್ತಿ ಹೊಸದಲ್ಲ.

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ನಾವು ದೋಣಿ ಪಂದ್ಯ ನೋಡಿ ಬೆಳೆದವರಲ್ಲ. ಬೇಸಿಗೆಯಲ್ಲಿ ಮಳಖೇಡದ ಹತ್ತಿರ ಕಾಗಿಣಾ ಹೇಗಿರುತ್ತದೆಂದು ಗೊತ್ತೇ ಇದೆ. ಆದರೂ ನೀರು ಕಡಿಮೆಯಿದ್ದವರಿಗೆ ಇದು ದೂರದ ಆಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರೋಯಿಂಗ್ ಆಟಗಾರ ದತ್ತು ಭೋಕನಳ್ ಹುಟ್ಟಿದ್ದು ಪಕ್ಕದ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರದ ಊರು ತಳೇಗಾಂವ್ ರೋಹಿಯಲ್ಲಿ. ಅಪ್ಪನ ಜೊತೆ ಬಾವಿ ತೋಡಿದ ಹುಡುಗ. 2012ರಲ್ಲಿ ಸೈನ್ಯ ಸೇರಿದ ಮೇಲೆ ಪುಣೆಯಲ್ಲಿ ಹುಟ್ಟು ಹಿಡಿದರು. ನಾಲ್ಕೇ ವರ್ಷಕ್ಕೆ ರಿಯೊ ಒಲಿಂಪಿಕ್ಸ್‌ನ ನೀರಿಗಿಳಿದರು.

ಪಂದ್ಯ 2,000 ಮೀಟರ್, ನೇರ ದಾರಿ. ಒಂಟಿ ದೋಣಿಯ ಉದ್ದ ಸುಮಾರು 8 ಮೀಟರ್, ತೂಕ ಕನಿಷ್ಠ 14 ಕಿಲೋ. ಪಾದ ಹಲಗೆಗೆ ಬಿಗಿದಿರುತ್ತದೆ. ಸೀಟಿಗೆ ಗಾಲಿ, ಅದು ಹಿಂದೆ ಮುಂದೆ ಜಾರುತ್ತದೆ. ಆಟಗಾರ ಗುರಿಗೆ ಬೆನ್ನು ಮಾಡಿ ಕೂತಿರುತ್ತಾನೆ. ಹಾಗಾಗಿ ಮುಂದಿದ್ದವನಿಗೆ ಎದುರಾಳಿಗಳೆಲ್ಲ ಕಣ್ಣೆದುರೇ ಇರುತ್ತಾರೆ. ಹಿಂದುಳಿದವನು ಕಿವಿಯನ್ನೇ ನಂಬಬೇಕು.

ಹೊಸಬರ ಕಣ್ಣು ತೋಳಿಗೆ ಅಂಟಿಕೊಳ್ಳುತ್ತದೆ. ಅಲ್ಲಿಂದ ತೆಗೆಯಿರಿ. ಹುಟ್ಟು ನೀರಿನಿಂದ ಮೇಲೆದ್ದು, ಆಟಗಾರ ಮೊಣಕಾಲು ಮಡಚುತ್ತ ಮತ್ತೆ ಮುಂದಕ್ಕೆ ಜಾರುವ ಆ ಹೊತ್ತನ್ನು ನೋಡಿ. ಕೆಲಸ ನಿಂತಂತೆ ಕಾಣುವ ಅದೇ ಹೊತ್ತಿಗೆ ದೋಣಿಯ ವೇಗ ತುದಿ ಮುಟ್ಟುತ್ತದೆ. ಅವಸರದಲ್ಲಿ ಜಾರಿದರೆ ದೋಣಿಯ ಮೂತಿ ತಡವರಿಸುತ್ತದೆ. ಬಲ್ಲವನು ತಾಳ್ಮೆಯಿಂದ ಜಾರುತ್ತಾನೆ; ಹುಟ್ಟಿನ ಅಲಗಿನಿಂದ ಹನಿ ತೊಟ್ಟಿಕ್ಕುತ್ತಿರುತ್ತದೆ, ದೋಣಿ ತಾನೇ ಓಡುತ್ತಿರುತ್ತದೆ. ಅಲಗು ಎದ್ದ ಜಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಸುಳಿ ಉಳಿಯುತ್ತದೆ. ಒಂದು ಜೋಡಿಗೂ ಮುಂದಿನ ಜೋಡಿಗೂ ನಡುವಿನ ಅಂತರ ದೊಡ್ಡದಿದ್ದಷ್ಟೂ ಒಂದೊಂದು ಎಳೆತಕ್ಕೆ ದೋಣಿ ಹೆಚ್ಚು ದೂರ ಹೋಗಿದೆ ಎಂದರ್ಥ. ನನಗೆ ಇಡೀ ಆಟದಲ್ಲಿ ಅತಿ ಚೆಂದ ಈ ಸುಳಿಗಳ ಸಾಲೇ.

ಸಮಯ ನೋಡುವಾಗ ಹುಷಾರು. ರಿಯೊದ ಮೊದಲ ಸುತ್ತಿನಲ್ಲಿ ದತ್ತು ತೆಗೆದುಕೊಂಡದ್ದು 7 ನಿಮಿಷ 21 ಸೆಕೆಂಡ್. ಕೊನೆಯ ಸ್ಪರ್ಧೆಯಲ್ಲಿ 6 ನಿಮಿಷ 54 ಸೆಕೆಂಡ್. ಒಂದೇ ವಾರದಲ್ಲಿ ಆಳು ಬದಲಾಗಲಿಲ್ಲ. ಗಾಳಿ, ನೀರು ಬದಲಾದವು. ಈ ಆಟದಲ್ಲಿ ಹೋಲಿಕೆ ಏನಿದ್ದರೂ ಪಕ್ಕದ ದೋಣಿಯ ಜೊತೆ. ಆ ಕೊನೆಯ ಸ್ಪರ್ಧೆ 'ಸಿ' ಫೈನಲ್, ಪದಕವಿಲ್ಲದ್ದು, 13ನೇ ಸ್ಥಾನದಿಂದ ಕೆಳಗಿನವರನ್ನು ತೀರ್ಮಾನಿಸುವುದು. ಅದನ್ನು ಗೆದ್ದು ಅವರು 13ನೆಯವರಾದರು. ರಸಿಕರು ಇಂಥ ಫೈನಲ್‌ಗಳನ್ನೂ ಬಿಡಬಾರದು.

2018ರ ಏಷ್ಯನ್ ಗೇಮ್ಸ್, ಪಾಲೆಂಬಾಂಗ್. ಒಂಟಿ ದೋಣಿಯ ಫೈನಲ್‌ನಲ್ಲಿ ದತ್ತು ಮೈ ಸರಿಯಿಲ್ಲದೆ ಕೊನೆಯವರಾಗಿ ಗುರಿ ಮುಟ್ಟಿದರು. ಮರುದಿನ ಸವರ್ಣ್ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ಜೊತೆ ನಾಲ್ವರ ದೋಣಿ ಹತ್ತಿ 6 ನಿಮಿಷ 17 ಸೆಕೆಂಡಿಗೆ ಚಿನ್ನ ಗೆದ್ದರು. 2020ರ ಅರ್ಜುನ ಪ್ರಶಸ್ತಿಯೂ ಬಂತು.

ನಾಲ್ವರ ದೋಣಿಯ ಪಂದ್ಯವೊಂದರ ವಿಡಿಯೋ ಸಿಕ್ಕರೆ ಮೊದಲ ಸಲ ದನಿ ತೆಗೆದು ನೋಡಿ. ಎಂಟು ಅಲಗು ಒಟ್ಟಿಗೆ ನೀರು ಹೊಕ್ಕು ಒಟ್ಟಿಗೆ ಏಳುತ್ತವೆಯೇ, ನಾಲ್ಕು ಬೆನ್ನು ಒಂದೇ ಹೊತ್ತಿಗೆ ಬಾಗುತ್ತವೆಯೇ ಎಂದಷ್ಟೇ ಗಮನಿಸಿ. ಎರಡನೇ ಸಲ ಆಟಗಾರರನ್ನು ಬಿಟ್ಟು ನೀರನ್ನು ನೋಡಿ.